ಮೊಂತಿಯೆಲ್‌ನಲ್ಲಿ ದೊರೆ ಬಿದ್ದದ್ದು

“ಸಾಯುವಾಗ ನಾನು ಯಾವ ಮುಖ ಮಾಡ್ಬೇಕು, ಟೀಚರ್?”

ಕಾಸಿಲ್ದಾಳ ಪ್ರಶ್ನೆಗೆ ಕ್ಲಾಸೆಲ್ಲ ನಕ್ಕಿತು. ರೆಮೆದಿಯೋಸ್ ಟೀಚರ್ ನಗಲಿಲ್ಲ. ಅವರು ರಟ್ಟಿನ ಕಿರೀಟಕ್ಕೆ ಅಂಟು ಹಚ್ಚುತ್ತಿದ್ದರು.

ಪ್ರತಿ ಮಾರ್ಚ್‌ನಲ್ಲೂ ಸ್ಪೇನಿನ ಮೊಂತಿಯೆಲ್ ಊರಿನ ಮಕ್ಕಳು ಚೌಕದಲ್ಲಿ ದೊರೆ ಪೇದ್ರೋನನ್ನು ಕೊಲ್ಲುತ್ತಾರೆ. ಆರುನೂರೈವತ್ತು ವರ್ಷಗಳ ಹಿಂದೆ ಅವನು ಸತ್ತದ್ದು ಇದೇ ಊರಿನ ಕೋಟೆಯ ಬುಡದಲ್ಲಿ. ಅವನ ಜೊತೆ ಗುದ್ದಾಡಿದವನು ಮಲಸಹೋದರ ಎನ್ರಿಕೆ. ಅಪ್ಪ ಒಬ್ಬನೇ, ಅಮ್ಮಂದಿರು ಬೇರೆ. ಪೇದ್ರೋ ಎನ್ರಿಕೆಯನ್ನು ಕೆಡವಿ ಎದೆಯ ಮೇಲೆ ಕೂತಿದ್ದನಂತೆ. ಆಗ ಫ್ರಾನ್ಸಿನ ಸರದಾರನೊಬ್ಬ ಅವನ ಕಾಲು ಹಿಡಿದು ಮಗುಚಿಹಾಕಿದ. ಎನ್ರಿಕೆ ಮೇಲೆ ಬಂದ, ಚೂರಿ ಹಾಕಿದ, ರಾಜನಾದ.

ಈ ಸಲ ಪೇದ್ರೋ ಆಗುವವಳು ಕಾಸಿಲ್ದಾ. ಎನ್ರಿಕೆಯ ಚೀಟಿ ಎದ್ದದ್ದು ಮೂರನೇ ಕ್ಲಾಸಿನ ಎಲೀಯಾಸನಿಗೆ. ಇವರಿಬ್ಬರಿಗೂ ಅಪ್ಪ ಒಬ್ಬನೇ, ಅಮ್ಮಂದಿರು ಬೇರೆ. ಬ್ರೆಡ್ ಅಂಗಡಿಯಲ್ಲಿ ಎರಡು ದಿನ ಇದೇ ಮಾತು.

ಭಾನುವಾರ ಅಪ್ಪನ ಮನೆಗೆ ಹೋದರೆ ಎಲೀಯಾಸ್ ಅವಳಿಗೆ ಟಿವಿ ರಿಮೋಟ್ ಕೊಡುತ್ತಿರಲಿಲ್ಲ. ಇಷ್ಟೇ ಅವರ ಯುದ್ಧ.

ಪುಸ್ತಕದಲ್ಲಿ ‘ಕ್ರೂರಿ ಪೇದ್ರೋ’ ಎಂದಿತ್ತು. ಅಮ್ಮನ ಅಮ್ಮ, ಗಾಲಾ ಅಜ್ಜಿ, ಅದನ್ನು ಒಪ್ಪಲಿಲ್ಲ.

“ನ್ಯಾಯವಂತ ಪೇದ್ರೋ ಅನ್ನು. ಗೆದ್ದೋರು ಬರೆಸಿದ್ದೇ ನಿನ್ ಪುಸ್ತಕ. ಆ ಎನ್ರಿಕೆ ಇದಾನಲ್ಲ, ಎರಡನೇ ಸಂಸಾರದ ಹುಡುಗ, ಇನ್ನೊಬ್ಬರ ಜಾಗ ಕಿತ್ಕೊಳ್ಳೋಕೇ ಹುಟ್ಟಿದೋನು.”

ಅಜ್ಜಿ ಯಾರ ವಿಷಯ ಹೇಳುತ್ತಿದ್ದಾಳೆಂದು ಕಾಸಿಲ್ದಾಗೆ ಅನುಮಾನ ಬಂತು. ಟೀಚರನ್ನು ಕೇಳಿದಳು. ಪೇದ್ರೋ ಬಹಳ ಜನರನ್ನು ಕೊಲ್ಲಿಸಿದ್ದು ನಿಜ, ಎನ್ರಿಕೆಯೂ ಏನು ಕಮ್ಮಿಯಿರಲಿಲ್ಲ ಎಂದರು ಅವರು. ಅಪ್ಪನನ್ನು ಕೇಳಿದರೆ ಅಪ್ಪ ಕಾರು ತೊಳೆಯಲು ಹೋದ.

ಹಾಗಾದರೆ ಕೆಟ್ಟವರು ಯಾರು? ಯಾವ ಮುಖ ಮಾಡಿ ಸಾಯುವುದು?

ನಾಟಕದ ದಿನ ಚೌಕ ತುಂಬಿತ್ತು. ಕಾಸಿಲ್ದಾ ಎಲೀಯಾಸನನ್ನು ಕೆಡವಿ ಎದೆಯ ಮೇಲೆ ಕೂತಳು. ಇನ್ನು ಸರದಾರ ಬ್ರೂನೋ ಬಂದು ಅವಳ ಕಾಲು ಎಳೆಯಬೇಕು.

ಬ್ರೂನೋ ಬರಲಿಲ್ಲ. ತಗಡಿನ ಟೊಪ್ಪಿಗೆ ಜಾರಿ ಅವನ ಕಣ್ಣು ಮುಚ್ಚಿತ್ತು. ಅವನು ಕಾರಂಜಿಯ ಸುತ್ತ ತಡವರಿಸುತ್ತಿದ್ದ.

“ಬೀಳಬೇಡ ಕಣೇ,” ಎಂದು ಅಜ್ಜಿ ಮುಂದಿನ ಸಾಲಿನಿಂದ ಕೂಗಿದಳು. “ಈ ವರ್ಷ ಬೀಳ್ಲೇಬೇಡ.”

ಜನ ಗೊಳ್ಳೆಂದು ನಕ್ಕರು. ಕೆಲವರು ಚಪ್ಪಾಳೆ ತಟ್ಟಿದರು. ನಿಜಕ್ಕೂ ಅವಳು ಬೀಳಬೇಕಾಗಿರಲಿಲ್ಲ. ರಿಮೋಟಿನ ನೆನಪೂ ಬಂತು.

ಕೆಳಗೆ ಎಲೀಯಾಸನ ಎಡಹುಬ್ಬು ಮೇಲೇರಿತು, ಅದೊಂದೇ. ದಿನಾ ಕನ್ನಡಿಯಲ್ಲಿ ಅವಳು ನೋಡುವ ಹುಬ್ಬೂ ಹಾಗೆಯೇ ಏರುತ್ತಿತ್ತು.

“ನೀನು ಬೀಳ್ದಿದ್ರೆ ನಾನೇನ್ ಮಾಡ್ಲಿ?” ಎಂದು ಪಿಸುಗುಟ್ಟಿದ. “ಎಲ್ರೂ ನಗ್ತಿದಾರೆ.” ಅವನ ಕಣ್ಣು ತುಂಬಿತ್ತು.

ಕಾಸಿಲ್ದಾ ಅವನ ತಲೆ ಕಲ್ಲಿಗೆ ತಾಗದಂತೆ ಕೈ ಒಡ್ಡಿದಳು. ಅವನನ್ನು ತಬ್ಬಿಕೊಂಡು ತಾನೇ ಹೊರಳಿದಳು.

“ಈಗ ಚೂರಿ. ಬೇಗ.”

ಅವನು ರಟ್ಟಿನ ಚೂರಿಯನ್ನು ಬಲು ಮೆತ್ತಗೆ ಒತ್ತಿದ. “ನೋವಾಯ್ತಾ?”

“ಸತ್ತೋರು ಮಾತಾಡಲ್ಲ.”

ಅಷ್ಟರಲ್ಲಿ ಬ್ರೂನೋ ಬಂದು, ಕರ್ತವ್ಯ ಬಿಡಬಾರದಲ್ಲ, ಸತ್ತ ದೊರೆಯ ಕಾಲು ಎಳೆದ.

ಅಜ್ಜಿ ಬೇಸರದಿಂದ ಅವಳ ಅಂಗಿಯ ಧೂಳು ಕೊಡವಿದಳು. “ಎಂಥ ರಾಜ ನೀನು? ಯಾರೂ ಮುಟ್ಟದೆ ಬಿದ್ದೆ. ಅದೂ ನಗ್ತಾ ಸತ್ತೆ.”

ನಕ್ಕದ್ದು ಕಾಸಿಲ್ದಾಗೆ ಗೊತ್ತೇ ಇರಲಿಲ್ಲ. ಅವಳು ತರಚಿದ ಕೈಗೆ ಉಫ್ ಉಫ್ ಎಂದು ಊದಿಕೊಂಡಳು. ಚೌಕದ ಆಚೆಬದಿಯಲ್ಲಿ ಹೊಸ ದೊರೆ ಅಮ್ಮನ ಕೈ ಹಿಡಿದು ನಿಂತು, ಇತ್ತ ನೋಡಿ ಎಡಹುಬ್ಬು ಏರಿಸಿದ.

ಅವಳೂ ಏರಿಸಿದಳು.