ಎತ್ತಿದವರಿಗೇ ಬೈಕು

“ಮೊದಲು ಇದನ್ನ ಮಲಗಿಸ್ತೀನಿ. ಆಮೇಲೆ ನೀವೊಬ್ರೇ ಎತ್ತಿ ನಿಲ್ಲಿಸ್ಬೇಕು. ಎತ್ತಿದ್ರೆ ಬೈಕು ನಿಮ್ದು. ಇಲ್ಲಾಂದ್ರೆ ನಾನು ಕೊಡಲ್ಲ,” ಎಂದರು ಮೇಸ್ತ್ರಿ.

ಹೇಳಿದ್ದೇ ತಡ, ಗ್ಯಾರೇಜಿನ ಅಂಗಳದಲ್ಲಿ ಹಾಸಿದ್ದ ಹಳೇ ಹಾಸಿಗೆಯ ಮೇಲೆ ಆ ದೊಡ್ಡ ಕಪ್ಪು ಬೈಕನ್ನು ಮೆಲ್ಲಗೆ ವಾಲಿಸಿ ಮಲಗಿಸಿಯೇ ಬಿಟ್ಟರು. ಅಮ್ಮನ ಜೊತೆ ಬಂದಿದ್ದ ಚೋಟಿ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. ಬೈಕು ಕೊಳ್ಳಲು ಬಂದವರಿಗೆ ಯಾರಾದರೂ ಪರೀಕ್ಷೆ ಇಡುತ್ತಾರೆಯೇ?

“ನಮ್ಮಮ್ಮನ ಹತ್ರ ಲೈಸೆನ್ಸ್ ಇದೆ ಮೇಸ್ತ್ರಿ ತಾತಾ!”

“ಇರಲಿ ಪುಟ್ಟಿ. ಬೈಕು ಬಿದ್ದಾಗ ಲೈಸೆನ್ಸ್ ಬಂದು ಎತ್ತುತ್ತಾ?”

ಅಮ್ಮ ನಕ್ಕುಬಿಟ್ಟಳು. ಚೋಟಿಗೆ ನಗು ಬರಲಿಲ್ಲ.

ಮೇಸ್ತ್ರಿ ಹಳೇ ಬೈಕುಗಳನ್ನು ರಿಪೇರಿ ಮಾಡಿ ಮಾರುವವರು. ಹೊಸದಾಗಿ ಕಲಿತವರು ಯಾರೇ ಬರಲಿ, ಅವರಿಗೆ ಈ ಪರೀಕ್ಷೆ ತಪ್ಪಿದ್ದಲ್ಲ. “ಹೊಸಬರು ಓಡಿಸುವಾಗ ಬೀಳೋದು ಕಡಿಮೆ ಕಣಮ್ಮಾ. ನಿಲ್ಲಿಸುವಾಗ, ತಿರುಗಿಸುವಾಗ ಬೀಳೋದೇ ಜಾಸ್ತಿ. ಆಗ ಪಕ್ಕದಲ್ಲಿ ಯಾರೂ ಇರಲ್ಲ,” ಎಂದು ಅವರು ಎಣ್ಣೆ ಮೆತ್ತಿದ ಕೈಯನ್ನು ಬಟ್ಟೆಗೆ ಒರೆಸಿಕೊಂಡರು.

ಚೋಟಿ ಐದನೇ ಕ್ಲಾಸಿನಲ್ಲೇ ಗಿಡ್ಡ, ಅದಕ್ಕೇ ಆ ಹೆಸರು. ಆದರೆ ನಾಲಿಗೆ ಮಾತ್ರ ಮಾರುದ್ದ. ಈ ಕಪ್ಪು ಬೈಕನ್ನು ಅವಳು ಒಂದು ವಾರದಿಂದ ಸ್ಕೂಲಿಗೆ ಹೋಗುವಾಗಲೆಲ್ಲ ಬೇಲಿಯ ಸಂದಿಯಿಂದ ನೋಡುತ್ತಿದ್ದಳು. ನೋಡಿ ಸುಮ್ಮನಿರಬಾರದೇ? ಬೆಂಚಿನ ಪಕ್ಕದವಳ ಮುಂದೆ ಜಂಬ ಕೊಚ್ಚಿಕೊಂಡಿದ್ದಳು.

“ಸೋಮವಾರ ನಮ್ಮಮ್ಮ ದೊಡ್ಡ ಕಪ್ಪು ಬೈಕಲ್ಲಿ ಗೇಟಿಗೆ ಬರ್ತಾಳೆ. ಆ ಸೌಂಡಿಗೆ ಕ್ಲಾಸಿನ ಕಿಟಕಿ ನಡುಗುತ್ತೆ, ನೋಡ್ತಿರು.”

ಪಕ್ಕದವಳು ಎಲ್ಲದಕ್ಕೂ ಸಾಕ್ಷಿ ಕೇಳುವ ಹುಡುಗಿ. ಎಲ್ಲರೂ ಅವಳನ್ನು ಲಾಯರ್ ಎಂದೇ ಕರೆಯುತ್ತಿದ್ದರು. “ಬರಲಿ, ನೋಡಿದ್ಮೇಲೆ ನಂಬ್ತೀನಿ,” ಎಂದಿದ್ದಳು ಲಾಯರ್.

ಅಮ್ಮನಿಗೆ ಬೈಕು ಬೇಕಾಗಿದ್ದು ಜಂಬಕ್ಕಲ್ಲ. ಸೋಮವಾರದಿಂದ ಅವಳಿಗೆ ಲ್ಯಾಬಿನಲ್ಲಿ ಹೊಸ ಕೆಲಸ. ಓಡಾಡಲಾಗದ ವಯಸ್ಸಾದವರ ಮನೆಮನೆಗೆ ಹೋಗಿ, ಪರೀಕ್ಷೆಗೆ ರಕ್ತ ತೆಗೆದುಕೊಂಡು, ಡಬ್ಬಿಯಲ್ಲಿಟ್ಟು ತರಬೇಕು. ಎರಡು ವಾರ ಡ್ರೈವಿಂಗ್ ಸ್ಕೂಲಿನ ಬೈಕಿನಲ್ಲಿ ಮೈದಾನ ಸುತ್ತಿ ಸುತ್ತಿ ಕಲಿತಿದ್ದಳು. “ಯಾವ ಬೈಕು ತಗೊಳ್ಳೋಣ?” ಎಂದು ಕೇಳಿದಾಗ ಚೋಟಿ ಕಪ್ಪು ಬೈಕೇ ಎಂದು ಹಟ ಹಿಡಿದಿದ್ದಳು. ಮಗಳ ಆಸೆ ನೋಡಿ ಅಮ್ಮ ಹೂಂ ಅಂದಿದ್ದಳು.

“ಬೆನ್ನು ಸೀಟಿಗೆ ಕೊಡಿ. ಮಂಡಿ ಮಡಚಿ ಕೂತ್ಕೊಳ್ಳಿ. ಒಂದು ಕೈ ಹ್ಯಾಂಡಲ್ಲಿಗೆ, ಇನ್ನೊಂದು ಸೀಟಿನ ಕೆಳಗೆ. ತೋಳಲ್ಲಿ ಎತ್ಬೇಡಿ, ಕಾಲಲ್ಲಿ ಹಿಂದಕ್ಕೆ ತಳ್ಳಿ,” ಎಂದು ಮೇಸ್ತ್ರಿ ಹೇಳಿಕೊಟ್ಟರು.

ಅಮ್ಮ ಬೈಕಿಗೆ ಬೆನ್ನು ಮಾಡಿ ಕುಳಿತಳು. ಉಸಿರು ಬಿಗಿಹಿಡಿದು ತಳ್ಳಿದಳು. ಬೈಕು ಗೇಣುದ್ದ ಎದ್ದು ಮತ್ತೆ ಧೊಪ್ಪೆಂದು ಮಲಗಿತು. ಎರಡನೇ ಸಲ ಅರ್ಧ ಎದ್ದಿತು. ಅಮ್ಮನ ಮುಖ ಕೆಂಪಾಯಿತು, ಕಾಲು ಗಡಗಡ ನಡುಗಿತು. ಮತ್ತೆ ಧೊಪ್!

“ಇನ್ನೊಂದೇ ಸಲ,” ಎಂದಳು ಅಮ್ಮ.

ಅಷ್ಟರಲ್ಲಿ ಗೇಟಿನ ಹತ್ತಿರ ಯಾರೋ ಕೂಗಿದರು. ಮೇಸ್ತ್ರಿ ಅತ್ತ ಹೋದರು. ಅಮ್ಮ ಬೆನ್ನು ಮಾಡಿ ಕಣ್ಣು ಮುಚ್ಚಿ ತಳ್ಳುತ್ತಿದ್ದಳು. ಚೋಟಿ ಆಚೆ ಈಚೆ ನೋಡಿದಳು. ಬೆಕ್ಕಿನ ಹಾಗೆ ಬೈಕಿನ ಆ ಕಡೆಗೆ ಹೋಗಿ, ಸೀಟಿನ ಹಿಂದಿನ ಕಂಬಿ ಹಿಡಿದು, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಎಳೆದಳು.

ಬೈಕು ಎದ್ದು ನಿಂತಿತು! ಚೋಟಿ ಕಂಬಿ ಬಿಟ್ಟು ದೂರ ಸರಿದಳು.

“ಎತ್ತಿದೆ! ಚೋಟಿ, ನೋಡಿದ್ಯೇನೆ? ನಾನೊಬ್ಳೇ ಎತ್ತಿದೆ!” ಅಮ್ಮ ಚಿಕ್ಕ ಹುಡುಗಿಯ ಹಾಗೆ ನಗುತ್ತಿದ್ದಳು. ಚೋಟಿ ಚಪ್ಪಾಳೆ ತಟ್ಟಲು ಹೋದಳು. ಕೈಗೆ ಗ್ರೀಸು ಮೆತ್ತಿಕೊಂಡಿತ್ತು. ತಕ್ಷಣ ಕೈ ಬೆನ್ನ ಹಿಂದೆ ಇಟ್ಟುಕೊಂಡಳು.

ಮೇಸ್ತ್ರಿ ವಾಪಸ್ ಬಂದು ಹುಬ್ಬೇರಿಸಿದರು. “ಪರವಾಗಿಲ್ವೇ! ಆಯ್ತು ತಾಯಿ, ಪೇಪರ್ ತರ್ತೀನಿ. ಅಂದ ಹಾಗೆ, ಕೆಲಸಕ್ಕೆ ಎಷ್ಟೊತ್ತಿಗೆ ಹೊರಡ್ತೀರಿ?”

“ಬೆಳಗಿನ ಐದೂವರೆಗೆ. ಅಷ್ಟೊತ್ತಲ್ಲಿ ರಸ್ತೇಲಿ ನರಪಿಳ್ಳೆಯೂ ಇರಲ್ಲ.” ಅಮ್ಮ ಬೈಕಿನ ಟ್ಯಾಂಕ್ ಸವರಿದಳು. “ಅದೇ ಒಂದು ಭಯ ಇತ್ತು. ಈಗ ಧೈರ್ಯ ಬಂತು. ಬಿದ್ರೂ ಎತ್ಕೋಬಹುದು ಅಂತ ಗೊತ್ತಾಯ್ತಲ್ಲ.”

ಯಾರೂ ಇಲ್ಲದ ರಸ್ತೆ ಚೋಟಿಯ ಕಣ್ಣ ಮುಂದೆ ಬಂತು. ನಡುವೆ ಬಿದ್ದ ಕಪ್ಪು ಬೈಕು. ಅಮ್ಮ ಬೆನ್ನು ಕೊಟ್ಟು ತಳ್ಳುತ್ತಲೇ ಇದ್ದಾಳೆ, ಕಂಬಿ ಎಳೆಯಲು ಆ ಕಡೆ ಯಾರೂ ಇಲ್ಲ. ಅವಳ ಕಾಲೇ ಕೆಳಗೆ ಸಿಕ್ಕಿಕೊಂಡರೆ?

ಮೇಸ್ತ್ರಿ ಪೇಪರುಗಳನ್ನು ತಂದು ಮೇಜಿನ ಮೇಲೆ ಹರಡಿದರು. ಅಮ್ಮ ಪೆನ್ನು ತೆರೆದಳು. ಲಾಯರ್ ನಗುವುದು ಚೋಟಿಯ ಕಣ್ಣಿಗೆ ಕಟ್ಟಿದಂತಿತ್ತು. ನಗಲಿ, ಎಷ್ಟು ಬೇಕಾದರೂ ನಗಲಿ.

“ಅಮ್ಮಾ, ಸೈನ್ ಹಾಕ್ಬೇಡ!”

“ಯಾಕೇ?”

ಚೋಟಿ ಬೆನ್ನ ಹಿಂದಿನ ಕೈ ಮುಂದೆ ತಂದು ತೋರಿಸಿದಳು. ಅಂಗೈ ತುಂಬ ಕಪ್ಪು. “ನಾನೂ ಎಳೆದೆ. ನೀನೊಬ್ಳೇ ಎತ್ತಿದ್ದಲ್ಲ.” ಅಷ್ಟು ಹೇಳುವುದರಲ್ಲಿ ಅಳು ಬಂದುಬಿಟ್ಟಿತು.

ಅಮ್ಮ ಪೆನ್ನಿನ ಕ್ಯಾಪ್ ಹಾಕಿದಳು. ಅವಳ ಮುಖದ ನಗು ಮಾಯವಾಗಿದ್ದನ್ನು ನೋಡಿ ಚೋಟಿಗೆ ಇನ್ನೂ ಸಂಕಟವಾಯಿತು. ಬೈಯುತ್ತಾಳೆ ಎಂದುಕೊಂಡಳು. ಅಮ್ಮ ಬೈಯಲಿಲ್ಲ. ಹತ್ತಿರ ಬಂದು ಸೆರಗಿನಿಂದ ಅವಳ ಕೈ ಒರೆಸತೊಡಗಿದಳು. ಗ್ರೀಸು ಹೋಗಲಿಲ್ಲ, ಸೆರಗೇ ಕಪ್ಪಾಯಿತು.

“ಹೇಳಿದ್ಯಲ್ಲ, ಬಿಡು,” ಎಂದಳು ಮೆಲ್ಲಗೆ. ಆಮೇಲೆ ಮೇಸ್ತ್ರಿಯ ಕಡೆ ತಿರುಗಿ, “ನನಗೆ ಎತ್ತಕ್ಕಾಗೋ ಅಂಥದ್ದು ತೋರಿಸಿ ಮೇಸ್ತ್ರೀ,” ಎಂದಳು.

ಮೇಸ್ತ್ರಿ ಮೂಲೆಯಿಂದ ಒಂದು ಬೂದು ಬಣ್ಣದ ಸಣ್ಣ ಬೈಕನ್ನು ತಳ್ಳಿಕೊಂಡು ಬಂದರು. ಬಣ್ಣ ಮಾಸಿತ್ತು. ಸೀಟಿಗೆ ಒಂದು ತೇಪೆ. ನೋಡಿದರೆ ಕಪ್ಪು ಬೈಕಿನ ಬಡ ತಮ್ಮನ ಹಾಗಿತ್ತು. “ರೂಪ ನೋಡ್ಬೇಡಿ, ಇಂಜಿನ್ ಗಟ್ಟಿ. ಭಾರ ಇಲ್ಲ, ಹೇಳಿದ ಮಾತು ಕೇಳುತ್ತೆ,” ಎಂದರು.

ಅಮ್ಮ ಹತ್ತಿ ಕುಳಿತಳು. ಪರೀಕ್ಷೆಗೆ ಮೊದಲು ಕಪ್ಪು ಬೈಕು ಹತ್ತಿ ನೋಡಿದಾಗ ತುದಿಗಾಲು ಮಾತ್ರ ನೆಲಕ್ಕೆ ತಾಗಿತ್ತು. ಇದರ ಮೇಲೆ ಎರಡೂ ಪಾದ ಪೂರ್ತಿ ನೆಲದ ಮೇಲೆ ನಿಂತವು.

ಮತ್ತೆ ಪರೀಕ್ಷೆ. ಬೂದು ಬೈಕು ಹಾಸಿಗೆಯ ಮೇಲೆ ಮಲಗಿತು. ಈ ಸಲ ಚೋಟಿ ತಾನಾಗಿಯೇ ಹೋಗಿ ದೂರದ ಗೋಡೆಗೆ ಒರಗಿ ಕೈಕಟ್ಟಿ ನಿಂತಳು. ಅಮ್ಮ ಬೆನ್ನು ಕೊಟ್ಟಳು, ತಳ್ಳಿದಳು. ಬೈಕು ಒಂದೇ ಸಲಕ್ಕೆ ಎದ್ದಿತು. ಇನ್ನೊಂದು ಪಕ್ಕಕ್ಕೆ ಮಲಗಿಸಿದರು. ಅದೂ ಎದ್ದಿತು. ಮೂರನೇ ಸಲ ಅಮ್ಮ ತಾನೇ ಮಲಗಿಸಿ, ತಾನೇ ಎತ್ತಿದಳು!

“ಸಾಕು ತಾಯಿ, ನನ್ನ ಹಾಸಿಗೆ ಹರಿದೋಗುತ್ತೆ,” ಎಂದು ಮೇಸ್ತ್ರಿ ನಕ್ಕರು.

ಸೋಮವಾರ ಸ್ಕೂಲು ಬಿಟ್ಟಾಗ ಅಮ್ಮ ಬೂದು ಬೈಕು ನಿಲ್ಲಿಸಿಕೊಂಡು ಗೇಟಿನ ಹತ್ತಿರ ಕಾಯುತ್ತಿದ್ದಳು. ಯಾವ ಕಿಟಕಿಯೂ ನಡುಗಿರಲಿಲ್ಲ.

“ದೊಡ್ಡ ಕಪ್ಪು ಬೈಕು ಅಂದಿದ್ಯಲ್ಲ?” ಲಾಯರ್ ಸೊಂಟದ ಮೇಲೆ ಕೈಯಿಟ್ಟಳು.

“ಹೂಂ, ಅಂದಿದ್ದೆ. ಅದು ನಮ್ಮಮ್ಮನಿಗೆ ಭಾರ ಆಗುತ್ತೆ ಕಣೆ. ಅದಕ್ಕೇ ಇದು.”

ಲಾಯರ್ ಬೈಕಿಗೆ ಒಂದು ಸುತ್ತು ಬಂದು ನೋಡಿದಳು. “ಚೆನ್ನಾಗೇ ಇದೆ,” ಎಂದು ಹೊರಟುಹೋದಳು.

ಚೋಟಿ ಬೈಕು ಹತ್ತಲು ಹೋದಾಗ ಎಡಗಡೆಯ ಹ್ಯಾಂಡಲ್ ಕಂಡಿತು. ಅದರ ತುದಿಗೆ ಮಣ್ಣು ಒಣಗಿ ಅಂಟಿತ್ತು. ಅಮ್ಮನ ಮೊಣಕೈ ಮೇಲೂ ಒಂದು ಸಣ್ಣ ಗೀರು.

“ಬಿದ್ಯಾ ಅಮ್ಮಾ?”

“ಬೆಳಗ್ಗೆ ಒಂದು ಗಲ್ಲೀಲಿ, ತಿರುಗಿಸುವಾಗ. ಏನೂ ಆಗಿಲ್ಲ ಬಾ.”

“ಯಾರು ಎತ್ತಿದ್ರು?”

“ಯಾರಿದ್ರು ಅಲ್ಲಿ? ಪೂರ್ತಿ ಬೆಳಕೂ ಆಗಿರ್ಲಿಲ್ಲ. ನಾನೇ ಎತ್ಕೊಂಡು ಹೋದೆ. ಪಾಪ, ಒಬ್ರು ಅಜ್ಜಿ ರಕ್ತ ಕೊಟ್ಟ ಮೇಲೇ ತಿಂಡಿ ತಿನ್ಬೇಕು ಅಂತ ಹಸ್ಕೊಂಡು ಕಾಯ್ತಿದ್ರು.”

ಚೋಟಿ ಹಿಂದೆ ಹತ್ತಿ ಕುಳಿತು ಅಮ್ಮನ ಸೊಂಟವನ್ನು ಎರಡೂ ಕೈಯಿಂದ ಬಿಗಿಯಾಗಿ ತಬ್ಬಿಕೊಂಡಳು. ಅಮ್ಮ ಇಲ್ಲಿದ್ದಾಳೆ, ಬೆಚ್ಚಗಿದ್ದಾಳೆ. ಅಷ್ಟೇ ಸಾಕು ಎನಿಸಿತು.

ದಾರಿಯಲ್ಲಿ ಗ್ಯಾರೇಜು ಬಂತು. ಮೇಸ್ತ್ರಿ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕುಳಿತು ಯಾವುದೋ ಚೈನು ಬಿಗಿಸುತ್ತಿದ್ದರು.

“ಥ್ಯಾಂಕ್ಸ್ ತಾತಾ!” ಚೋಟಿ ಗಂಟಲು ಹರಿಯುವಷ್ಟು ಜೋರಾಗಿ ಕೂಗಿದಳು.

ಯಾಕೆಂದು ಅವರಿಗೆ ಗೊತ್ತಾಯಿತೋ ಇಲ್ಲವೋ. ತಲೆಯೆತ್ತಿ ನೋಡಿ, ಕೈಯಲ್ಲಿದ್ದ ಸ್ಪ್ಯಾನರನ್ನೇ ಎತ್ತಿ ಬೀಸಿದರು.