ಕೊನೆಯ ಸಾಲಿನ ಡಾಕ್ಟರಮ್ಮ

"ನಿಮ್ಮ ಕಂಪ್ಯೂಟರ್‌ಗೆ ಸಗಣಿ ವಾಸನೆ ಗೊತ್ತೇನ್ರೀ?"

ಭುಜದವರೆಗೆ ಕೈಗವಸು ಏರಿಸಿ, ಎಮ್ಮೆಯ ಹೊಟ್ಟೆಯೊಳಗೆ ಕೈಯಿಟ್ಟುಕೊಂಡೇ ಡಾಕ್ಟರಮ್ಮ ಕೇಳಿದಳು. ಬಾಗಿಲಲ್ಲಿದ್ದವನು ಟ್ಯಾಬ್ ಎದೆಗವಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ. ಹಿಂದೆ ಇದ್ದದ್ದು ಸಗಣಿ ಗುಡ್ಡೆ!

"ಕಂಪ್ಯೂಟರ್‌ಗೆ ಗೊತ್ತಿಲ್ಲ... ನನಗೆ ಈಗ ಗೊತ್ತಾಯ್ತು."

ಉಕ್ಕಿದ ನಗುವನ್ನು ಅವಳು ನುಂಗಿಕೊಂಡಳು. ದನದ ಲಕ್ಷಣ ಒತ್ತಿದರೆ ರೈತರಿಗೆ ರೋಗ ಯಾವುದೆಂದು ಹೇಳುವ ಸಾಫ್ಟ್‌ವೇರ್ ಅಂತೆ. ಅದನ್ನು ಪರೀಕ್ಷಿಸಲು ಬಂದವನು ಇವನು. ಕರೆಗಳು ಕಡಿಮೆಯಾದರೆ ಈ ಪಶು ಆಸ್ಪತ್ರೆಯನ್ನೇ ಮುಚ್ಚುವುದಾಗಿ ಮೇಲಿನವರು ಹೇಳಿಬಿಟ್ಟಿದ್ದರು. ಎಂಟು ವರ್ಷ ಬೆವರು ಸುರಿಸಿದ ಜಾಗ...

'ನನ್ನ ಅನ್ನಕ್ಕೆ ಕಲ್ಲು ಹಾಕೋಕೆ ಬಂದವನ ಕಣ್ಣು ಇಷ್ಟು ಸಾಧುವಾಗಿ ಯಾಕಿರಬೇಕು?'

ಆದದ್ದೇ ಬೇರೆ. ಕರೆಗಳು ಮೂರು ಪಟ್ಟಾದವು! ಮೇಕೆ ಸೀನಿದರೆ ಕರೆ, ಕರು ಆಕಳಿಸಿದರೆ ಕರೆ. ಸಾಫ್ಟ್‌ವೇರ್ ಹೇಳಿದ್ದು ಸರಿಯೋ ತಪ್ಪೋ ನೋಡಲು ಅವನೂ ಹೋಗಬೇಕು. ಗಾಡಿ ಓಡಿಸಲು ಬರುವುದಿಲ್ಲವಂತೆ ಪಾಪ, ಅವಳ ಸ್ಕೂಟರ್ ಹಿಂದೆಯೇ ಕೂರಬೇಕು. ಗುಂಡಿ ಬಂದಾಗಲೆಲ್ಲ "ಅಯ್ಯೋ ಅಮ್ಮಾ!"

"ತಾಯಿ, ರೋಗ ದನಕ್ಕೆ ಅಂತ ನನಗ್ಯಾಕೋ ಅನ್ನಿಸ್ತಿಲ್ಲ," ಅಂದ ಕಾಂಪೌಂಡರ್ ಮಾವ.

"ಸುಮ್ನೆ ಸಿರಿಂಜ್ ತೊಳೀರಿ ಮಾವ!"

ಒಂದು ಮಧ್ಯಾಹ್ನ ಅವಳು ಗುಂಡುಕಲ್ಲಿನಂಥ ಟಗರನ್ನು ಸುಮ್ಮಸುಮ್ಮನೆ ಪರೀಕ್ಷಿಸುತ್ತಿದ್ದಾಗ, ಅತ್ತ ಕೆಚ್ಚಲು ಬಾವಿನ ಹಸುವೊಂದು ಎರಡು ಗಂಟೆ ನರಳಿತು. ಹಸು ಉಳಿಯಿತು. ಅವಳ ತಾಳ್ಮೆ ಉಳಿಯಲಿಲ್ಲ. ಅವನ ಟ್ಯಾಬ್ ಕಿತ್ತುಕೊಂಡು ಒತ್ತಿದಳು: ಮೇವು ತಿನ್ನುತ್ತಿದೆ, ಜ್ವರವಿಲ್ಲ, ಹಾಲು ಚೆನ್ನಾಗಿದೆ.

ಪರದೆ ಹೇಳಿತು: 'ರೋಗವಿಲ್ಲ. ಆದರೂ ಡಾಕ್ಟರಮ್ಮನನ್ನು ಕರೆಸಿ.'

"ಯಾರು ಸೇರಿಸಿದ್ದು ಈ ಸಾಲು?"

"ನಾನೇ... ಆಸ್ಪತ್ರೆ ಮುಚ್ಚಬಾರದು ಅಂತ."

"ಹಸು ಸಾಯ್ತಿತ್ತು ರೀ! ನಿಜ ಹೇಳಿ."

ಅವನ ಕಿವಿ ಕೆಂಪಾಯಿತು. "ನಿಮ್ಮ ಸ್ಕೂಟರ್ ಹಿಂದೆ ಕೂರೋಕೆ. ಗಾಡಿ ಓಡಿಸೋಕೆ... ನನಗೆ ಬರುತ್ತೆ."

ಅವಳ ಮನಸ್ಸು ಒಳಗೇ ಹಿಗ್ಗಿತು. ಆದರೆ ಬಾಯಿ ಬೇರೆಯೇ ಅಂದಿತು: "ಮೊದಲು ಆ ಸಾಲು ತೆಗೀರಿ. ಆಮೇಲೆ ನನ್ನ ಕಣ್ಣಿಗೆ ಬೀಳಬೇಡಿ!"

ತೆಗೆದ. ಬೀಳಲಿಲ್ಲ.

ಆಮೇಲೆ ಬಂದದ್ದೆಲ್ಲ ನಿಜವಾದ ರೋಗದ ಕರೆಗಳು. ಎಂದೂ ಬಾರದಿದ್ದ ದೂರದ ರೈತರೂ ಸಾಫ್ಟ್‌ವೇರ್ ನೋಡಿ, ರೋಗ ಬಲಿಯುವ ಮೊದಲೇ ಕರೆಸಿದರು. ಆಸ್ಪತ್ರೆ ಮುಚ್ಚುವುದಿಲ್ಲವೆಂದು ಪತ್ರವೂ ಬಂತು. ಆದರೆ ಗುಂಡಿ ಹಾರಿದಾಗ ಹಿಂದಿನಿಂದ ಸದ್ದೇ ಇಲ್ಲ... ಗುಂಡಿಗಳಿಗೂ ಬೇಜಾರು!

ಅವನು ಊರು ಬಿಡಲು ಬ್ಯಾಗ್ ತುಂಬುತ್ತಿದ್ದ ಬಾಡಿಗೆ ಕೋಣೆಯ ಬಾಗಿಲಲ್ಲಿ ಅವಳು ಬಂದು ನಿಂತಳು. ಕೈಯಲ್ಲಿ ಎರಡು ಹೆಲ್ಮೆಟ್.

"ರೋಗ ಇದ್ದರೆ ಈಗ ಏನು ಬರುತ್ತೆ ನಿಮ್ಮ ಪರದೆ ಮೇಲೆ?"

"'ಡಾಕ್ಟರಮ್ಮನನ್ನು ಕರೆಸಿ'... ಅಷ್ಟೇ. ಆಣೆ!"

"ಅದು ಅರ್ಧ ಸಾಲು. 'ಡಾಕ್ಟರಮ್ಮನನ್ನೂ ಅವರ ಯಜಮಾನರನ್ನೂ ಕರೆಸಿ' ಅಂತ ಮಾಡಿ."

ಬ್ಯಾಗ್ ಕೈಜಾರಿ ಬಿತ್ತು. ಅದನ್ನೆತ್ತದೆಯೇ ಅವನು ಕೇಳಿದ:

"ಅವರಿಗೆ... ಗಾಡಿ ಓಡಿಸೋಕೆ ಬರುತ್ತಾ?"

"ಖಂಡಿತ ಬರಲ್ಲ," ಅಂದಳು, ಹೆಲ್ಮೆಟ್ ಅವನ ತಲೆಗೆ ತಾನೇ ತೊಡಿಸುತ್ತ. "ಹಿಂದೆ ಕೂತು ಗಟ್ಟಿಯಾಗಿ ಹಿಡ್ಕೋತಾರೆ."