ರೇವನ್ ಎಳೆಯ ಬೆಳ್ಳಿ

೧೭೬೮ರ ಅಕ್ಟೋಬರ್ ಹದಿನಾಲ್ಕು, ಶುಕ್ರವಾರ ಬೆಳಿಗ್ಗೆ ದೂರು ಬಂತು. ಬಂದದ್ದು ಠಾಣೆಗಲ್ಲ, ಕುದುರೆ ಜೀನು ಹೊಲಿಯುವ ಅಂಗಡಿಗೆ. ನಮ್ಮ ಕಣಿವೆಯಲ್ಲಿ ಠಾಣೆ ಎಂಬುದೇ ಇಲ್ಲ. ಈಸ್ಟರ್ ಸಭೆಯಲ್ಲಿ ಯಾರ ಬಾಯಿಗೆ ಬೇಗ ನೆಪ ಬರುವುದಿಲ್ಲವೋ ಅವರ ತಲೆಗೆ ವರ್ಷದ ಮಟ್ಟಿಗೆ ಕಾನ್‌ಸ್ಟೇಬಲ್ ಕೆಲಸ ಕಟ್ಟುತ್ತಾರೆ. ಆ ವರ್ಷ ಸಿಕ್ಕಿಬಿದ್ದವನು ಜೀನುಗಾರ ಕತ್ಬರ್ಟ್ ಪಿಯರ್ಟ್. ಅವನ ಕೈಕೆಳಗೆ ಇದ್ದ ಸಿಬ್ಬಂದಿ ಎಂದರೆ ವಾಟಿ ನಾಟ್ರೆಸ್ ಒಬ್ಬನೇ. ಬಾಗಿಲಿನಷ್ಟು ಅಗಲದ ಆಳು, ಹಸಿವೂ ಅದಕ್ಕೆ ತಕ್ಕಂತೆ.

ದೂರುದಾರ ಸೀಸದ ಗಣಿಯ ಹೊಸ ಮೇಲ್ವಿಚಾರಕ ಲಿಡೆಲ್. ವಸಂತದಲ್ಲಿ ನ್ಯೂಕಾಸಲ್‌ನಿಂದ ಬಂದವನು. ಬೂಟಿನ ಕೆಸರನ್ನೂ ಕೊಡವದೆ ಒಳಗೆ ಬಂದು ನಿಂತ.

"ಬೆಳ್ಳಿ ಕಳುವಾಗಿದೆ, ಕಾನ್‌ಸ್ಟೇಬಲ್ರೇ."

"ಎಲ್ಲಿಂದ?"

"ಪುಟದ ಮನೆಯಿಂದ. ರೇವನ್ ಅದಿರಿನ ಎಳೆಯ ಸೀಸದಲ್ಲಿ ಟನ್ನಿಗೆ ಹನ್ನೊಂದು ಔನ್ಸ್ ಬೆಳ್ಳಿ ಅಂತ ಪರೀಕ್ಷೆ ಹೇಳುತ್ತೆ. ನಿನ್ನೆ ಪುಟಕ್ಕಿಟ್ಟರೆ ಬಂದದ್ದು ಅದರ ಅರ್ಧವೂ ಇಲ್ಲ."

"ಪುಟಕ್ಕಿಟ್ಟೋರು ಯಾರು?"

"ಆಂಬ್ರೋಸ್ ಕೋಲ್ತಾರ್ಡ್. ಒಳಗಿದ್ದವನು ಅವನೊಬ್ಬನೇ. ಇನ್ಯಾರನ್ನ ಹಿಡೀಬೇಕು ಅಂತ ನಾನೇ ಹೇಳಬೇಕಾ?"

ಪಿಯರ್ಟ್ ಹೇಳಿಕೆ ಬರೆದುಕೊಂಡ. ಇಷ್ಟು ಬೆಳ್ಳಿ ಕದ್ದವನಿಗೆ ನಮ್ಮ ಸೀಮೆಯಲ್ಲಿ ನೇಣು. ಅದಕ್ಕೂ ಮೊದಲು, ಮುಂದಿನ ಬೇಸಿಗೆಯಲ್ಲಿ ದೊಡ್ಡ ನ್ಯಾಯಾಧೀಶರು ಬರುವ ತನಕ, ಡರ್ಹಮ್ ಜೈಲಿನಲ್ಲಿ ಚಳಿಗಾಲ ಕಳೆಯಬೇಕು. ಐವತ್ತು ದಾಟಿದವರು ಅಲ್ಲಿಂದ ನಡೆದು ಹೊರಬರುವುದು ಅಪರೂಪ. ಆಂಬ್ರೋಸನಿಗೆ ಐವತ್ತನಾಲ್ಕು.

ಪುಟದ ಮನೆಯಲ್ಲಿ ಮಹಜರು ನಡೆಯಿತು. ಪಂಚರಾಗಿ ಗಣಿಯಾಳು ಸೈಮನ್ ಎಮರ್ಸನ್‌ನನ್ನೂ ಲಿಡೆಲ್ಲನನ್ನೂ ನಿಲ್ಲಿಸಿಕೊಂಡರು. ಒಂದೇ ಬಾಗಿಲು, ಕಿಟಕಿಗೆ ಸರಳು. ಕುಲುಮೆಯ ನಡುವೆ ಮೂಳೆಬೂದಿ ಬಡಿದು ಮಾಡಿದ ದೊಡ್ಡ ತಟ್ಟೆ. ಅದರಲ್ಲಿ ಸೀಸ ಕರಗಿಸಿ ತಿದಿಯ ಗಾಳಿ ಊದಿಸುತ್ತಾರೆ. ಸೀಸವೆಲ್ಲ ಹಳದಿ ಕೆನೆಯಾಗಿ ಹರಿದುಹೋಗುತ್ತದೆ, ಕೊನೆಗೆ ತಳದಲ್ಲಿ ಬೆಳ್ಳಿ ಉಳಿಯುತ್ತದೆ. ವಾಟಿ ಬೂದಿಯನ್ನೆಲ್ಲ ಜರಡಿ ಹಿಡಿದು ಮೂಗಿನ ತನಕ ಬೆಳ್ಳಗಾದನೇ ಹೊರತು ಬೆಳ್ಳಿ ಸಿಗಲಿಲ್ಲ. ಕೆಲಸ ಮುಗಿಸಿ ಹೋಗುವಾಗ ಆಂಬ್ರೋಸನ ಅಂಗಿ, ಬೂಟು ಎಲ್ಲವನ್ನೂ ಬಾಗಿಲಲ್ಲಿ ತಡವಿ ನೋಡಿದ್ದು ತಾನೇ ಎಂದು ಲಿಡೆಲ್ ಒಪ್ಪಿಕೊಂಡ.

ಆಮೇಲೆ ಆಂಬ್ರೋಸನ ಮನೆ ಶೋಧಿಸಿದರು. ಅವನ ಹೆಂಡತಿ ಥಾಮಸಿನ್ ಓಟ್ಸ್ ಗಂಜಿ ತೊಳಸುತ್ತಿದ್ದವಳು ಸೌಟು ಕೆಳಗಿಡಲೇ ಇಲ್ಲ.

"ಹುಡುಕಪ್ಪಾ, ಹುಡುಕು. ಹಾಸಿಗೆ ಹರೀಬೇಡ, ಅದ್ರಲ್ಲಿರೋದು ಹುಲ್ಲು. ಇರೋದು ಅದೊಂದೇ."

"ನಮ್ಮ ಕೆಲಸ ಅಕ್ಕಾ," ಎಂದ ವಾಟಿ. ಕಣ್ಣು ಮಾತ್ರ ಗಂಜಿಯ ಮೇಲಿತ್ತು.

"ನಿನ್ನ ಕೆಲಸ ಏನು ಅಂತ ನಂಗೊತ್ತು. ತಟ್ಟೆ ಅಲ್ಲಿದೆ, ತಗೋ."

ಏನೂ ಸಿಗಲಿಲ್ಲ. ಆದರೂ ಲಿಡೆಲ್ ಒತ್ತಾಯ ಮಾಡಿದ್ದರಿಂದ ಆಂಬ್ರೋಸನನ್ನು ಹಿಡಿದು ಚರ್ಚಿನ ಗೋಪುರದ ಕೆಳಗಿನ ಕೋಣೆಯಲ್ಲಿ ಕೂಡಿಹಾಕಬೇಕಾಯಿತು. ನಮ್ಮ ನ್ಯಾಯಾಧಿಕಾರಿಯೂ ಪಾದ್ರಿಯೂ ಒಬ್ಬರೇ. ಅವರು ಮುಂದಿನ ಗುರುವಾರದ ತನಕ ಗಡುವು ಕೊಟ್ಟರು. ಅಷ್ಟರಲ್ಲಿ ಬೇರೇನೂ ಹೊರಬೀಳದಿದ್ದರೆ ಡರ್ಹಮ್‌ಗೆ ಸಾಗಿಸಬೇಕು.

ಶನಿವಾರ ವಿಚಾರಣೆ.

"ತೆಗೆದೆಯಾ, ಆಂಬ್ರೋಸಣ್ಣ?"

"ಇಲ್ಲ."

"ಬೇರೆ ಯಾರಾದ್ರೂ ಒಳಗೆ ಬಂದ್ರಾ?"

"ಇಲ್ಲ. ತಿದಿ ಒತ್ತೋದು ಹೊಳೆಯ ಚಕ್ರ. ಆಳು ಬೇಡ."

"ಹಂಗಾದ್ರೆ ಬೆಳ್ಳಿ ಎಲ್ಲೋಯ್ತು?"

ಆಂಬ್ರೋಸ್ ಕಂಕುಳಲ್ಲಿ ಅಡಗಿಸಿಕೊಂಡಿದ್ದ ಎರಡೂ ಕೈಗಳನ್ನು ಹೊರತೆಗೆದು ಮುಂದೆ ಚಾಚಿದ. ಮಣಿಕಟ್ಟಿನಿಂದ ಕೆಳಗೆ ಹಸ್ತಗಳು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದವು.

"ನೋಡು. ಸೀಸದ ವಿಷ ಹಿಡ್ಕೊಂಡಿದೆ. ಥಾಮಸಿನ್‌ಗೆ ಗೊತ್ತು, ಲಿಡೆಲ್‌ಗೆ ಗೊತ್ತಿಲ್ಲ. ಕೆನೆ ಎಳೆಯೋವಾಗ ಬೆಳ್ಳೀನೂ ಜತೆಗೇ ಎಳೆದು ಹಾಕಿದ್ನೋ ಏನೋ."

"ಅರ್ಧಕ್ಕರ್ಧ ಬೆಳ್ಳೀನಾ?"

"ಇನ್ನೇನಿರುತ್ತೆ, ಕತ್ಬರ್ಟ್? ಪರೀಕ್ಷೆ ಮಾಡಿದ್ದು ಜಾಸ್ಪರ್. ಅವನ ತಕ್ಕಡಿ ಸುಳ್ಳು ಹೇಳಲ್ಲ. ಕೆಟ್ಟಿರೋದು ನನ್ನ ಕೈಯೇ."

ಕಳ್ಳ ಅನ್ನಿಸಿಕೊಂಡದ್ದಕ್ಕಿಂತ ಕೈಲಾಗದವನು ಆಗಿಬಿಟ್ಟೆನಲ್ಲ ಎಂಬುದೇ ಅವನನ್ನು ಹೆಚ್ಚು ತಿನ್ನುತ್ತಿತ್ತು. ಪಿಯರ್ಟನಿಗೆ ಅದನ್ನು ನೋಡಲಾಗಲಿಲ್ಲ. ಬಗ್ಗಿ ಬೂಟಿನ ದಾರ ಸರಿಮಾಡಿಕೊಂಡ.

"ಹಿಂದೆ ಯಾವತ್ತಾದ್ರೂ ಹಿಂಗೆ ಕಮ್ಮಿ ಬಂದಿತ್ತಾ?"

"ಹಿಂದೆ ಮೂರೂ ಎಳೆಯ ಸೀಸ ಒಟ್ಟಿಗೇ ಪುಟಕ್ಕಿಡ್ತಿದ್ವಿ. ಒಂದ್ಸಲ ಹೆಚ್ಚು, ಒಂದ್ಸಲ ಕಮ್ಮಿ, ಯಾರೂ ಕೇಳ್ತಿರ್ಲಿಲ್ಲ. ರೇವನ್‌ದನ್ನ ಬೇರೆಯಾಗಿ ಮಾಡಿ ಅಂದಿದ್ದು ಈ ಲಿಡೆಲ್. ಇದೇ ಮೊದಲು."

ಹೊರಗೆ ಬಂದು ಗೋರಿಗಳ ನಡುವೆ ನಡೆಯುತ್ತಿದ್ದಾಗ ವಾಟಿ ತಲೆ ಕೆರೆದುಕೊಂಡ.

"ಅಲ್ಲ ಮಾರಾಯ, ಹಂಗಾದ್ರೆ ರೇವನ್ ಎಳೆಯ ಬೆಳ್ಳೀನ ಬೇರೆಯಾಗಿ ಕಣ್ಣಾರೆ ಕಂಡೋರು ಯಾರು?"

ಪಿಯರ್ಟ್ ಅಲ್ಲೇ ನಿಂತುಬಿಟ್ಟ. "ಜಾಸ್ಪರ್ ಒಬ್ಬನೇ," ಅಂದ.

ಜಾಸ್ಪರ್ ರೇನ್ ಗಣಿಯ ಅದಿರು ಪರೀಕ್ಷಕ, ಥಾಮಸಿನ್‌ಳ ತಮ್ಮ. ಸೀಸದ ಗಟ್ಟಿಯಿಂದ ಚೂರು ಕೆತ್ತಿ, ತೂಗಿ, ತೆಳು ಸೀಸದ ಹಾಳೆಯಲ್ಲಿ ಸುತ್ತಿ, ಅಂಗೈಗಿಂತ ಚಿಕ್ಕ ಬೂದಿಬಟ್ಟಲಲ್ಲಿ ಸುಡುವುದು ಅವನ ಕೆಲಸ. ಸಾಸಿವೆಗಿಂತ ಸಣ್ಣ ಬೆಳ್ಳಿಯ ಹನಿ ಉಳಿಯುತ್ತದೆ, ಅದನ್ನು ತೂಗಿ ಇಡೀ ಬೆಟ್ಟದ ಬೆಲೆ ಹೇಳುತ್ತಾನೆ. ಎರಡು ವರ್ಷದ ಹಿಂದೆ ರೇವನ್ ಎಳೆ ಶ್ರೀಮಂತ ಎಂದು ಹೇಳಿದ್ದು ಅವನೇ. ಆ ಮಾತು ನಂಬಿ ಮೂವತ್ತು ಸಂಸಾರಗಳು ಕೆಳಗಿನ ಕಣಿವೆಗಳಿಂದ ಮೇಲೆ ಬಂದು ನೆಲೆಯಾದವು.

ಪಿಯರ್ಟ್ ಹೋದಾಗ ಜಾಸ್ಪರ್ ತಕ್ಕಡಿಯ ಗಾಜಿನ ಪೆಟ್ಟಿಗೆ ಒರೆಸುತ್ತಿದ್ದ. ಆಗಲೇ ಒರೆಸಿ ಮುಗಿಸಿದ್ದ ಗಾಜು ಅದು.

"ರೇವನ್ ಸೀಸದಲ್ಲಿ ಎಷ್ಟು ಬೆಳ್ಳಿ?"

"ಹನ್ನೊಂದು ಔನ್ಸ್."

"ಹೋದ ತಿಂಗಳು?"

"ಹನ್ನೊಂದು."

"ಹೋದ ವರ್ಷ?"

"ಹನ್ನೊಂದೇ."

"ಉಳಿದೆರಡು ಎಳೆ ಹಿಂಗೇ ನಿಂತಲ್ಲೇ ನಿಲ್ತವಾ?"

"ಇಲ್ಲ, ಏರಿಳಿತ ಇರುತ್ತೆ." ಜಾಸ್ಪರ್ ಬಟ್ಟೆ ಮಡಿಸಿದ. "ಭಾವನ ಗತಿ ಏನಾಗುತ್ತೆ? ಮಾಲು ಸಿಕ್ಕಿಲ್ಲವಲ್ಲ. ಸಾಕ್ಷಿ ಇಲ್ಲದೆ ಬಿಟ್ಟುಬಿಡ್ತಾರೆ, ಅಲ್ವಾ?"

"ಬಿಡೋದು ಬಿಡದಿರೋದು ಡರ್ಹಮ್‌ನೋರಿಗೆ ಸೇರಿದ್ದು."

"ಬಿಡಲೇಬೇಕು," ಎಂದ ಜಾಸ್ಪರ್, ತನಗೆ ತಾನೇ ಹೇಳಿಕೊಳ್ಳುವಂತೆ.

ಕದ್ದಿಲ್ಲ ಎಂಬ ಒಂದು ಮಾತೂ ಭಾವನ ಪರವಾಗಿ ಅವನ ಬಾಯಿಂದ ಬರಲಿಲ್ಲ. ಪಿಯರ್ಟ್ ಅದನ್ನು ಗಮನಿಸಿದ, ಆದರೆ ಆಗಲೇ ಏನೂ ಕೇಳಲಿಲ್ಲ. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಅಕ್ಷರ ಕಲಿತವರು. ತನ್ನ ಅನುಮಾನ ಸುಳ್ಳಾಗಲಿ ಎಂದೇ ಅವನು ಮನಸಾರೆ ಬಯಸಿದ.

ಸೋಮವಾರ ಪಿಯರ್ಟ್ ನ್ಯಾಯಾಧಿಕಾರಿಯ ಮುಂದೆ ನಿಂತು ಒಂದು ಅಪ್ಪಣೆ ಕೇಳಿದ. ರೇವನ್ ಎಳೆಯ ಸೀಸದ ಗಟ್ಟಿಗಳು ಇನ್ನೂ ಅರ್ಧದಷ್ಟು ಕೊಟ್ಟಿಗೆಯಲ್ಲಿವೆ. ಅವನ್ನು ಎಲ್ಲರ ಕಣ್ಣೆದುರು ಪುಟಕ್ಕಿಡಬೇಕು, ಇಡುವವನು ಆಂಬ್ರೋಸನೇ ಆಗಬೇಕು. ಕಳ್ಳನ ಕೈಗೇ ಮತ್ತೆ ಬೆಳ್ಳಿ ಕೊಡುವುದೇ ಎಂದು ಲಿಡೆಲ್ ಹಾರಾಡಿದ.

"ಕೊಟ್ಟು ನೀವೇ ಪಕ್ಕದಲ್ಲಿ ನಿಂತ್ಕೊಳ್ಳಿ ಸ್ವಾಮಿ," ಎಂದ ಪಿಯರ್ಟ್. "ಎಂಟು ಕಣ್ಣಿನ ಮುಂದೆ ಕದ್ದರೆ ನಾನೇ ಹಗ್ಗ ಹೊಸೆದು ಕೊಡ್ತೀನಿ."

ಪಾದ್ರಿಗೆ ನಗು ಬಂತು. ಅಪ್ಪಣೆಯೂ ಸಿಕ್ಕಿತು.

ಬುಧವಾರ ಬೆಳಗಿನ ಜಾವದಿಂದ ಕುಲುಮೆ ಉರಿಯಿತು. ಆಂಬ್ರೋಸನ ಬೇಡಿ ಬಿಚ್ಚಿದರು. ಲಿಡೆಲ್, ಎಮರ್ಸನ್, ವಾಟಿ, ಪಿಯರ್ಟ್ ಸುತ್ತ ನಿಂತರು. ಜಾಸ್ಪರನನ್ನೂ ಪರೀಕ್ಷಕನೆಂಬ ನೆಲೆಯಲ್ಲಿ ಕರೆಸಿದ್ದರು. ಅವನು ಗೋಡೆಗೆ ಒರಗಿ ನಿಂತ. ಥಾಮಸಿನ್ ಕರೆಯದೆಯೇ ಬಂದಿದ್ದಳು. ಹೋಗು ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ.

ಆಂಬ್ರೋಸ್ ಮಣಿಕಟ್ಟುಗಳಿಗೆ ಚರ್ಮದ ಪಟ್ಟಿ ಬಿಗಿದುಕೊಂಡು ಕೆನೆ ಎಳೆಯತೊಡಗಿದ. ಪಿಯರ್ಟನೆದುರು ಗುಟ್ಟು ಬಯಲಾದ ಮೇಲೆ ಅಡಗಿಸುವುದಕ್ಕೆ ಏನಿದೆ! ಲಿಡೆಲ್ ಆ ಕೈಗಳನ್ನು ಮೊದಲ ಸಲ ನೋಡಿದ. ಒಂದು ಎಳೆತಕ್ಕೂ ಇನ್ನೊಂದಕ್ಕೂ ನಡುವೆ ಆಂಬ್ರೋಸ್ ಉಸಿರು ಬಿಗಿಹಿಡಿಯುತ್ತಿದ್ದ. ಮಧ್ಯಾಹ್ನ ದಾಟಿತು. ವಾಟಿ ಕೂಡ ಊಟದ ಮಾತೆತ್ತಲಿಲ್ಲ. ಸಂಜೆಯ ಹೊತ್ತಿಗೆ ಕೊನೆಯ ಸೀಸದ ಪೊರೆ ಬಣ್ಣಬಣ್ಣವಾಗಿ ಓಡಾಡಿ ಹರಿದುಹೋಯಿತು, ಬೆಳ್ಳಿ ಥಟ್ಟನೆ ಮಿಂಚಿತು.

ತಟ್ಟೆಯ ನಡುವೆ ಅದು ಎಷ್ಟು ಸಣ್ಣದಾಗಿತ್ತೆಂದರೆ ತೂಗುವ ಅಗತ್ಯವೇ ಇರಲಿಲ್ಲ. ಆದರೂ ಆರಿದ ಮೇಲೆ ತೂಗಿದರು. ಟನ್ನಿಗೆ ನಾಲ್ಕು ಔನ್ಸ್.

"ನಾನು ಕಣ್ಣು ಮಿಟುಕಿಸಿಲ್ಲ," ಎಂದ ಲಿಡೆಲ್ ಮೆತ್ತಗೆ. "ಯಾರೂ ತೆಗೆದಿಲ್ಲ."

ಆಂಬ್ರೋಸ್ ಸಲಾಕೆಯನ್ನು ಗೋಡೆಗೆ ಒರಗಿಸಿ ಹೆಂಡತಿಯ ಕಡೆ ತಿರುಗಿದ.

"ಕಂಡ್ಯಾ ಥಾಮಸಿನ್, ಕೈಯೇ. ಮತ್ತೆ ಅಷ್ಟನ್ನೂ ಚೆಲ್ಲಿಬಿಟ್ಟೆ. ಮೂವತ್ತು ವರ್ಷದ ಕೆಲಸ, ಎಲ್ಲ ಹಾಳುಮಾಡ್ಕೊಂಡೆ." ಆಮೇಲೆ ಲಿಡೆಲ್‌ನಿಗೆ, "ತಪ್ಪಾಯ್ತು ಧಣಿ. ಮೊದಲೇ ಬಿಟ್ಟುಬಿಡಬೇಕಿತ್ತು ನಾನು," ಅಂದ.

ಪಿಯರ್ಟ್ ಕೇಳಬೇಕೆಂದಿದ್ದ ಪ್ರಶ್ನೆ ಬಾಯಲ್ಲೇ ಉಳಿಯಿತು. ಅದಕ್ಕೆ ಮೊದಲೇ ಗೋಡೆಯ ಕಡೆಯಿಂದ ದನಿ ಬಂತು.

"ನಿನ್ನ ಕೈ ಸರಿಯಾಗೇ ಇದೆ, ಭಾವ."

ಎಲ್ಲರೂ ತಿರುಗಿದರು. ಜಾಸ್ಪರ್ ಮುಂದೆ ಬರಲಿಲ್ಲ, ನಿಂತಲ್ಲೇ ಹೇಳಿದ.

"ನೀನು ಏನೂ ಚೆಲ್ಲಿಲ್ಲ. ಇದ್ದಿದ್ದೇ ಅಷ್ಟು. ನಾಲ್ಕೇ ಔನ್ಸ್."

"ಹನ್ನೊಂದು ಅಂದೆಯಲ್ಲೋ?" ಎಂದ ಪಿಯರ್ಟ್.

ಜಾಸ್ಪರ್ ಒಳಜೇಬಿಗೆ ಕೈಹಾಕಿ ಬಟ್ಟೆಯ ಗಂಟೊಂದನ್ನು ತೆಗೆದು ಪಿಯರ್ಟನ ಕೈಗಿಟ್ಟ. ಒಳಗೆ ಒಂದು ಸಣ್ಣ ಅರ, ಒಂದು ಬೆಳ್ಳಿಯ ಚಮಚ. ಚಮಚದ ಹಿಡಿಯ ತುದಿ ಅರ ಉಜ್ಜಿ ಮೊಂಡಾಗಿತ್ತು.

"ಪ್ರತಿ ಪರೀಕ್ಷೆಗೂ ಒಂದು ಚಿಟಿಕೆ ಪುಡಿ. ಹಾಳೆ ಸುತ್ತೋವಾಗ ಒಳಗೆ ಹಾಕ್ತಿದ್ದೆ."

ಥಾಮಸಿನ್ ಹತ್ತಿರ ಬಂದು ನೋಡಿದಳು. "ಅಮ್ಮನ ಚಮಚ," ಅಂದಳು. ಆಮೇಲೆ, "ಐದು ದಿನ ಇವರನ್ನ ಕತ್ತಲಕೋಣೇಲಿ ಕೂರಿಸಿದ್ಯಲ್ಲೋ. ದಿನಾ ನಮ್ಮನೆ ಮುಂದೇನೇ ಹಾದುಹೋದ್ಯಲ್ಲೋ."

"ಮಾಲು ಸಿಗಲ್ಲ, ಬಿಡ್ತಾರೆ ಅಂದ್ಕೊಂಡೆ ಅಕ್ಕಾ."

"ಬಿಡದಿದ್ರೆ?"

ಥಾಮಸಿನ್ ಗಂಡನ ಮಣಿಕಟ್ಟಿನ ಪಟ್ಟಿ ಬಿಚ್ಚುತ್ತ ಕೂತಳು. ತಮ್ಮನ ಕಡೆ ಮತ್ತೆ ನೋಡಲಿಲ್ಲ.

ಸಂಜೆ ಆರಕ್ಕೆ ಜಾಸ್ಪರ್ ರೇನನ ದಸ್ತಗಿರಿ ಆಯಿತು. ಚಮಚ, ಅರ ಎರಡನ್ನೂ ಮಹಜರಿನಲ್ಲಿ ಕಾಣಿಸಿ, ಪಂಚರ ರುಜು ಹಾಕಿಸಿ, ಮೊಹರು ಮಾಡಿದರು. ಹೇಳಿಕೆ ಬರೆದುಕೊಳ್ಳುವಾಗ ಪಿಯರ್ಟ್ ಒಂದೇ ಪ್ರಶ್ನೆ ಕೇಳಿದ.

"ಯಾಕೋ?"

"ಮೊದಲ ವರ್ಷ ನಿಜವಾಗ್ಲೂ ಹನ್ನೊಂದಿತ್ತು, ಕತ್ಬರ್ಟ್. ಸುಳ್ಳಲ್ಲ. ನನ್ನ ಮಾತು ಕೇಳೇ ಜನ ಮಕ್ಕಳುಮರಿ ಕಟ್ಕೊಂಡು ಬಂದ್ರು. ಆಮೇಲೆ ಒಂಬತ್ತಾಯ್ತು, ಆರಾಯ್ತು. ಎಂಟಕ್ಕಿಂತ ಇಳಿದ್ರೆ ಗಣಿ ಮುಚ್ತೀವಿ ಅಂತ ಲಂಡನ್ ಮಾಲೀಕರು ಬರೆದಿದ್ರು. ಹೆಂಗೆ ಹೇಳ್ಲಿ? ಇನ್ನು ನಾಲ್ಕು ಮಾರು ಅಗೆದ್ರೆ ಎಳೆ ತಿರುಗಾ ಚೆನ್ನಾಗುತ್ತೆ ಅಂದ್ಕೊಂಡೆ. ಎಷ್ಟೋ ಸಲ ಹಂಗಾಗುತ್ತೆ. ಈ ವಾರ ಆಗ್ಬೋದು, ಮುಂದಿನ ವಾರ ಆಗ್ಬೋದು ಅಂತ ಕಾದೆ."

ಅವನು ಇದರಿಂದ ಒಂದು ಪೆನ್ನಿಯನ್ನೂ ಮಾಡಿಕೊಂಡಿರಲಿಲ್ಲ. ಪಿಯರ್ಟ್ ಅದನ್ನೂ ಹೇಳಿಕೆಯಲ್ಲಿ ಸೇರಿಸಿದ. ವಂಚನೆಗೆ ನೇಣಿಲ್ಲ, ಅದೊಂದೇ ಸಮಾಧಾನ.

ರೇವನ್ ಗಣಿಯ ಬಾಯಿಗೆ ಮರುದಿನವೇ ಹಲಗೆ ಬಡಿದರು. ಕಂಡುಹಿಡಿಯದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ಪಿಯರ್ಟನಿಗೆ ಅನ್ನಿಸಿತು. ಕೂಡಲೇ ಆಂಬ್ರೋಸನ ನೆನಪಾಗಿ ನಾಚಿಕೆಯೂ ಆಯಿತು. ಎರಡೂ ನಿಜವೇ.

ಶುಕ್ರವಾರ ಜಾಸ್ಪರನನ್ನು ಡರ್ಹಮ್‌ಗೆ ಕರೆದೊಯ್ಯಲು ಗಾಡಿ ಹೂಡಿದರು. ಹೆಂಗಸರು ಮಕ್ಕಳೆಲ್ಲ ರಸ್ತೆಯ ಬದಿಗೆ ಬಂದು ನಿಂತರು. ಕಲ್ಲು ಬೀಳಬಹುದೆಂದು ವಾಟಿ ತನ್ನ ಅಗಲದ ಮೈಯನ್ನು ಕೈದಿಗೆ ಅಡ್ಡ ಹಿಡಿದು ಕೂತಿದ್ದ. ಯಾರೂ ಕಲ್ಲೆತ್ತಲಿಲ್ಲ, ಬೈಯಲಿಲ್ಲ. ಕೊನೆಯ ಮನೆಯ ಹತ್ತಿರ ಸೈಮನ್ ಎಮರ್ಸನ್ ಮಾಡಿನ ಮೇಲೆ ಕೂತು ಹಾಸುಗಲ್ಲು ಬಿಚ್ಚುತ್ತಿದ್ದ. ಆ ಮಾಡು ಹೊದಿಸಿ ಎರಡು ತಿಂಗಳೂ ಆಗಿರಲಿಲ್ಲ. ಗಾಡಿ ಕಂಡು ಇಳಿದು ಬಂದ.

"ನಮಗೋಸ್ಕರ ಮಾಡ್ದೆ ಅಂತಾರೆ, ಜಾಸ್ಪರಣ್ಣ."

ಜಾಸ್ಪರ್ ಹೌದೆಂದು ತಲೆಯಾಡಿಸಿದ.

"ಹೋದ ವರ್ಷವೇ ಹೇಳಿದ್ದಿದ್ರೆ ಹೊರಟುಹೋಗ್ತಿದ್ವಿ. ಕೈಯಲ್ಲಿ ನಾಲ್ಕು ಕಾಸಿತ್ತು. ಅದನ್ನೆಲ್ಲ ತಂದು ಈ ಗೋಡೆಗೆ ಸುರಿದೆ. ನಾನು ಕಟ್ತಾ ಇದ್ದಾಗ ನೀನು ದಿನಾ ಬಂದು ನೋಡ್ತಿದ್ದೆ. ಒಂದ್ಸಲ ಕಲ್ಲು ಎತ್ತೋಕೆ ಕೈ ಕೂಡ ಕೊಟ್ಟೆ."

"ಹೌದು, ಸೈಮನ್."

"ಆವತ್ತು ಹೇಳ್ಬೋದಿತ್ತು."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಜಾಸ್ಪರನಿಗೆ ಸುಲಭವಾಗುತ್ತಿತ್ತು. ಸೈಮನ್ ಸ್ವಲ್ಪ ಹೊತ್ತು ಗಾಡಿಯ ಗಾಲಿ ಹಿಡಿದು ನಿಂತಿದ್ದು, ಮತ್ತೆ ಏಣಿ ಹತ್ತಿ ಕಲ್ಲು ಬಿಚ್ಚತೊಡಗಿದ.